ಸರಾಸರಿಯೊಳಗೆ ಅಡಗಿದ ಬೆಂಕಿ

ಶಿರಸಿಯ ಸುತ್ತಮುತ್ತ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕಗಳಿಗೆ ಅಗ್ನಿ ಅಪಾಯದ ಸಮೀಕ್ಷೆಗೆಂದು ಹೋದಾಗಲೆಲ್ಲ ಮಾಲೀಕರು ಮೊದಲು ಗೋಡೆಗೆ ತೂಗುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ತೋರಿಸುತ್ತಾರೆ, ಆಮೇಲೆ ದಾಸ್ತಾನು ಪುಸ್ತಕವನ್ನು. ‘ಪೆಟ್ರೋಲಿಲ್ಲ, ಪೇಂಟಿಲ್ಲ, ಇರುವುದು ಬರೀ ಹಾಳೆ ಮಾರಾಯ್ರೇ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಕಳೆದ ಮಾರ್ಚಿನಲ್ಲಿ ಒಬ್ಬ ಮಾಲೀಕರು ನನ್ನ ಕೆಲಸವನ್ನೂ ತಾವೇ ಮಾಡಿಟ್ಟಿದ್ದರು. ಮುರುಗಲು ಪಾನಕದ ಲೋಟದ ಜೊತೆಗೆ ಒಂದು ಚೀಟಿಯನ್ನೂ ಮುಂದಿಟ್ಟರು: ಹಾಳೆ 10 ಟನ್, ಕಿಲೋಗೆ ಸುಮಾರು 4,000 ಕಿಲೋಕ್ಯಾಲರಿ, ಗೋದಾಮಿನ ನೆಲ 100 ಚದರ ಮೀಟರ್; ಗುಣಿಸಿ ಭಾಗಿಸಿದರೆ ಚದರ ಮೀಟರಿಗೆ 4 ಲಕ್ಷ ಕಿಲೋಕ್ಯಾಲರಿ. ಕಟ್ಟಡಗಳ ಅಗ್ನಿ ಸುರಕ್ಷತೆಯ ಭಾರತೀಯ ಮಾನಕ 1641ರ ಪ್ರಕಾರ ಈ ಬೆಂಕಿಯ ಹೊರೆ 2.75 ಲಕ್ಷದವರೆಗೆ ಕಡಿಮೆ, 5.5 ಲಕ್ಷದವರೆಗೆ ಮಧ್ಯಮ, 11 ಲಕ್ಷದವರೆಗೆ ಹೆಚ್ಚು; ಅಂದರೆ ಅವರದು ಮಧ್ಯಮ. ಹಾಳೆಯ ತೇವಾಂಶದಿಂದ ಅಂಕಿ ತುಸು ಬದಲಾದೀತು ಎಂಬುದನ್ನು ಬಿಟ್ಟರೆ ಅವರ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದದ್ದು ಗೋದಾಮಿನೊಳಗೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆಂದು ಬೇಸಿಗೆಯಲ್ಲೇ ವರ್ಷಕ್ಕಾಗುವಷ್ಟು ಕೂಡಿಹಾಕಿದ ಹಾಳೆಯ ಕಟ್ಟುಗಳೆಲ್ಲ ಒಂದು ಮೂಲೆಯಲ್ಲಿ, ಗೋದಾಮಿನ ಮೂರನೇ ಒಂದು ಪಾಲು ನೆಲದ ಮೇಲೆ, ತಗಡಿನ ಮಾಡಿಗೆ ಗೇಣು ಬಿಟ್ಟು ನಿಂತಿದ್ದವು. ಆ ಗೇಣಿನಲ್ಲಿ ಒಂದು ಟ್ಯೂಬ್‌ಲೈಟು, ಅದರ ವೈರಿನ ಜೋಡಣೆಗೆ ಸುತ್ತಿದ್ದ ಟೇಪು ಬಿಸಿಲಿಗೆ ಬಿಚ್ಚಿಕೊಂಡಿತ್ತು. ಆ ಮೂಲೆಯನ್ನಷ್ಟೇ ಹಿಡಿದು ಭಾಗಿಸಿದರೆ ಚದರ ಮೀಟರಿಗೆ 12 ಲಕ್ಷ ಬರುತ್ತದೆ. ಉಳಿದ ಖಾಲಿ ನೆಲ ಮೂಲೆಯ ಬೆಂಕಿಯನ್ನು ಹಂಚಿಕೊಳ್ಳುವುದಿಲ್ಲ, ಚೀಟಿಯಲ್ಲಿನ ಅಂಕಿಯನ್ನು ಮಾತ್ರ ಹಂಚಿಕೊಳ್ಳುತ್ತದೆ.

ಇದನ್ನು ನಾನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಒಟ್ಟು ತೂಕದಿಂದ ಎಷ್ಟು ಶಾಖ ಹುಟ್ಟಬಹುದು ಎಂಬುದು ತಿಳಿಯುತ್ತದೆಯೇ ಹೊರತು, ಅದು ಎಷ್ಟು ಬೇಗ ಹುಟ್ಟುತ್ತದೆ ಎಂಬುದು ತಿಳಿಯುವುದಿಲ್ಲ. ಆ ವೇಗವನ್ನು ಬಹುಪಾಲು ತೀರ್ಮಾನಿಸುವುದು ರಾಶಿಯ ಎತ್ತರ ಮತ್ತು ಕಟ್ಟುಗಳ ನಡುವಿನ ಸಂದು. ಸೂಡಿ (ಒಣ ಗರಿಯ ಪಂಜು) ಹಚ್ಚಿಕೊಂಡು ಗದ್ದೆಯಂಚಿನಲ್ಲಿ ನಡೆದವರಿಗೆ ಇದು ಗೊತ್ತೇ ಇದೆ: ಉರಿಯುವ ತುದಿ ಮೇಲಿದ್ದರೆ ನಿಧಾನವಾಗಿ ಉರಿಯುತ್ತದೆ, ಕೆಳಗೆ ಮಾಡಿದರೆ ಭಗ್ಗನೆ ಕೈವರೆಗೆ ಏರುತ್ತದೆ. ರಾಶಿಯ ಬುಡದಲ್ಲಿ ಹತ್ತಿದ ಕಿಡಿಗೆ ಮೇಲಿನ ಪ್ರತಿಯೊಂದು ಕಟ್ಟೂ ಆ ಸೂಡಿಯಂತೆಯೇ. ಇಕ್ಕಟ್ಟಾದ ಸಂದಿನಲ್ಲಂತೂ ಎದುರುಬದುರಿನ ಎರಡು ಮೈಗಳು ಪರಸ್ಪರ ಕಾಯಿಸಿಕೊಳ್ಳುತ್ತವೆ. ಸಿಲಿಂಡರಿನ ಪುಡಿ ಹೊರಗಿನ ಜ್ವಾಲೆಯನ್ನು ಆರಿಸೀತು, ಆದರೆ ಒಳಗಿನ ಕೆಂಡವನ್ನು ತಣಿಸಲಾರದು.

 

ಕಟ್ಟಡ ನೋಡದೆ ಇಷ್ಟೇ ಎತ್ತರ ಸಾಕೆಂದು ನಾನು ಹೇಳಲಾರೆ. ಆ ಘಟಕಕ್ಕೆ ಮಾತ್ರ, ರಾಶಿಯನ್ನು ನಾಲ್ಕಾಗಿ ಒಡೆದು, ಆಳೆತ್ತರ ಮೀರದಂತೆ ಪೇರಿಸಿ, ನಡುವೆ ಅಗಲವಾದ ದಾರಿ ಬಿಡಲು, ದೀಪವನ್ನು ದಾರಿಯ ಮೇಲಕ್ಕೆ ಸರಿಸಲು ಬರೆದುಕೊಟ್ಟೆ. ‘ಅದರ ಬದಲು ಇನ್ನೆರಡು ಸಿಲಿಂಡರು ಹಾಕಿದರೆ ಆಗದೇ?’ ಎಂದು ಕೇಳಿದರು. ಆಗುವುದಿಲ್ಲ ಎಂದೆ, ಪಾನಕದ ಎರಡನೆಯ ಲೋಟ ಬಂತು.

ಮೇ ತಿಂಗಳಲ್ಲಿ ಹೋದಾಗ ರಾಶಿ ನಿಜಕ್ಕೂ ನಾಲ್ಕಾಗಿತ್ತು, ದೀಪವೂ ಸರಿದಿತ್ತು. ನಡುವಿನ ದಾರಿಯಲ್ಲಿ ಮಾತ್ರ ಸೊಂಟದೆತ್ತರಕ್ಕೆ ಗೋಣಿಚೀಲ ಪೇರಿಸಿದ್ದರು. ‘ಇವು ಖಾಲಿ ಚೀಲ, ಇವನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ?’ ಎಂದರು. ಹಿಡಿದೆ.