ನಿಲ್ಲಲಾಗದ ಕಾಲು, ನಡೆಯಲಾಗದ ಕಾಲು

ಮರಗಾಲು ಕಟ್ಟಿಕೊಂಡವರು ಎದುರು ಬಂದರೆ ನಮ್ಮ ಕಣ್ಣು ಮೇಲಕ್ಕೇ ಹೋಗುತ್ತದೆ. ಒಮ್ಮೆ ಕೆಳಗೆ ನೋಡಿ. ಮೇಲೆ ಆತ ನಗುತ್ತಾ ಮಕ್ಕಳಿಗೆ ಕೈ ಬೀಸುತ್ತಿರುತ್ತಾನೆ. ಕೆಳಗೆ ಆ ಎರಡು ಕೋಲುಗಳಿಗೆ ಮಾತ್ರ ಒಂದು ಗಳಿಗೆಯೂ ಬಿಡುವಿಲ್ಲ. ಎಡ, ಬಲ, ಎಡ, ಬಲ. ವಾದ್ಯ ನಿಂತರೂ ಕೋಲು ನಿಲ್ಲುವುದಿಲ್ಲ. ಆತ ನೀರು ಕುಡಿಯುವಾಗಲೂ ಅವು ನೆಲ ಕುಟ್ಟುತ್ತಲೇ ಇರುತ್ತವೆ. ಮರಗಾಲಿನ ಮೇಲೆ ನಡೆಯಬಹುದು, ಕುಣಿಯಬಹುದು. ಸುಮ್ನೆ ನಿಲ್ಲುವುದೇ ಕಷ್ಟ.

ಇದರ ಗುಟ್ಟು ಪಾದದಲ್ಲಿದೆ. ನೆಲದ ಮೇಲೆ ಅಲ್ಲಾಡದೆ ನಿಂತಿದ್ದೇವೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ದೇಹ ಸದಾ ಅಷ್ಟಿಷ್ಟು ತೂಗುತ್ತಿರುತ್ತದೆ. ಮುಂದೆ ವಾಲಿದರೆ ಬೆರಳುಗಳು ನೆಲ ಒತ್ತುತ್ತವೆ, ಹಿಂದೆ ವಾಲಿದರೆ ಭಾರ ಹಿಮ್ಮಡಿಗೆ ಜಾರುತ್ತದೆ. ನಮ್ಮನ್ನು ಒಂದು ಮಾತೂ ಕೇಳದೆ ಪಾದದ ಕೀಲು ಇದನ್ನೆಲ್ಲ ನೋಡಿಕೊಳ್ಳುತ್ತದೆ. ಮರಗಾಲು ಕಟ್ಟಿದೊಡನೆ ಆ ಅನುಕೂಲ ತಪ್ಪಿಹೋಗುತ್ತದೆ. ಪಾದ ಒಂದು ಹಲಗೆಯ ಮೇಲೆ ಕೂತಿದೆ. ಮೊಣಕಾಲಿನ ಕೆಳಗೆ ಪಟ್ಟಿ ಬಿಗಿದಿದೆ. ನೆಲಕ್ಕೆ ತಾಗುವುದು ಕೋಲಿನ ತುದಿಯ ರಬ್ಬರ್ ತುಂಡು ಮಾತ್ರ. ಅದಕ್ಕೆ ಬೆರಳೂ ಇಲ್ಲ, ಹಿಮ್ಮಡಿಯೂ ಇಲ್ಲ. ಯಾವ ಕಡೆ ವಾಲಿದರೆ ಆ ಕಡೆ ಇನ್ನೊಂದು ಹೆಜ್ಜೆ ಇಡಬೇಕು, ಅಷ್ಟೇ.

ಹಾಗಾದರೆ ಕೋಲು ಉದ್ದವಾದಷ್ಟೂ ಕಷ್ಟ ಜಾಸ್ತಿ ಅಲ್ವಾ? ಹಾಗೇನಿಲ್ಲ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಲು ಪ್ರಯತ್ನಿಸಿ. ಕೈ ಆಡಿಸುವಷ್ಟರಲ್ಲಿ ಬಿದ್ದಿರುತ್ತದೆ. ಪೊರಕೆಯ ಉದ್ದ ಕೋಲನ್ನು ನಿಲ್ಲಿಸಿ. ಕೈ ಅತ್ತಿತ್ತ ಸರಿಸುತ್ತಾ ಸ್ವಲ್ಪ ಹೊತ್ತು ನಿಭಾಯಿಸಬಹುದು. ಉದ್ದದ ವಸ್ತು ನಿಧಾನವಾಗಿ ವಾಲುತ್ತದೆ. ಎತ್ತರ ನಾಲ್ಕು ಪಟ್ಟಾದರೆ ವಾಲಲು ಹಿಡಿಯುವ ಸಮಯ ಸುಮಾರು ಎರಡು ಪಟ್ಟಾಗುತ್ತದೆ. ಎತ್ತರದ ಮರಗಾಲಿನವನಿಗೆ ಮುಂದಿನ ಹೆಜ್ಜೆ ಇಡಲು ಅಷ್ಟು ಪುರುಸೊತ್ತು ಸಿಗುತ್ತದೆ. ಬಿದ್ದರೆ ಏಟೂ ಜಾಸ್ತಿ, ಅದು ಬೇರೆ ಮಾತು.

ನಿಲ್ಲುವ ಕಷ್ಟಕ್ಕೆ ಸೊಗಸಾದ ಉಪಾಯ ಕಂಡುಕೊಂಡವರು ಫ್ರಾನ್ಸಿನ ನೈಋತ್ಯದಲ್ಲಿರುವ ಲಾಂಡ್ ಪ್ರದೇಶದ ಕುರಿಗಾಹಿಗಳು. 19ನೇ ಶತಮಾನದಲ್ಲಿ ಪೈನ್ ಮರ ನೆಟ್ಟು ಕಾಡು ಬೆಳೆಸುವ ಮೊದಲು ಅಲ್ಲಿದ್ದದ್ದು ಕುರುಚಲು ಬಯಲು. ಮಳೆ ಬಂದರೆ ಎಲ್ಲೆಲ್ಲೂ ಜೌಗು. ಮರಗಾಲು ಕಟ್ಟಿಕೊಂಡರೆ ಪಾದ ನೆನೆಯುವುದಿಲ್ಲ, ದೂರದ ಕುರಿಯೂ ಕಾಣುತ್ತದೆ. ಸರಿ, ಮಂದೆ ಒಂದೇ ಕಡೆ ಮೇಯುತ್ತಾ ನಿಂತರೆ? ಕೈಯಲ್ಲಿದ್ದ ಉದ್ದ ಕೋಲನ್ನು ಬೆನ್ನ ಹಿಂದೆ ಊರಿ, ಅದಕ್ಕೆ ಒರಗಿ ಕೂತುಬಿಡುತ್ತಿದ್ದರು. ಮುಕ್ಕಾಲಿ ಸಿದ್ಧ! ಎರಡೂ ಕೈ ಬಿಡುವಾದವು. ಆ ಎತ್ತರದಲ್ಲೇ ಕೂತು ಉಣ್ಣೆ ಹೆಣೆಯುತ್ತಿದ್ದರು. ಆ ಸೀಮೆಯ ಸಿಲ್ವೆಂ ದೋರ್ನೋ ಎಂಬಾತ 1891ರಲ್ಲಿ ಪ್ಯಾರಿಸ್‌ನಿಂದ ಮಾಸ್ಕೋಗೆ ಮರಗಾಲಿನ ಮೇಲೇ ನಡೆದ.

ಬೆಲ್ಜಿಯಂನ ನಾಮೂರ್ ಊರಿನವರದು ಇದಕ್ಕೆ ಪೂರ್ತಿ ಉಲ್ಟಾ ಬುದ್ಧಿ. ಎರಡು ತಂಡಗಳು ಮರಗಾಲು ಕಟ್ಟಿ ಒಬ್ಬರನ್ನೊಬ್ಬರು ಕೆಡವುವುದೇ ಅಲ್ಲಿನ ಆಟ. 1411ರಲ್ಲೇ ಊರಿನ ಆಡಳಿತ ಇದಕ್ಕೆ ಕಡಿವಾಣ ಹಾಕಲು ನೋಡಿತ್ತು. 2021ರಲ್ಲಿ ಯುನೆಸ್ಕೋ ಇದೇ ಆಟವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಇದೇ ಕೋಲುಗಳನ್ನು ಮನೆಗೆ ಕಟ್ಟಿ. ಮನೆ ವಾಲಿದರೆ ಹೆಜ್ಜೆ ಇಡಲಾರದು. ಹಾಗಾಗಿ ಅದರ ಕಾಲುಗಳನ್ನು ನೆಲದೊಳಗೆ ಹೂತು ಬಿಗಿಯಬೇಕು, ಅಡ್ಡಪಟ್ಟಿ ಹೊಡೆಯಬೇಕು. ಮನುಷ್ಯ ಈ ಕೆಲಸವನ್ನು ಬಹಳ ಹಿಂದೆಯೇ ಕಲಿತ. ಆಲ್ಪ್ಸ್ ಸುತ್ತಲಿನ ಕೆರೆ, ನದಿ, ಜೌಗುಗಳ ಅಂಚಿನಲ್ಲಿ ಕ್ರಿ.ಪೂ. 5000ದಿಂದ 500ರವರೆಗಿನ ಕಂಬದ ಮನೆಗಳ ಅವಶೇಷ ಸಿಕ್ಕಿವೆ. ಕಂಬದ ಮನೆ ಎಂದರೆ ನೀರು, ಹುಳಹುಪ್ಪಟೆಗಳಿಂದ ತಪ್ಪಿಸಿಕೊಳ್ಳುವುದು ಎಂದೇ ನಮ್ಮ ಲೆಕ್ಕ. ಸೈಬೀರಿಯಾದ ಯಾಕುತ್ಸ್ಕ್‌ನಲ್ಲಿ ಆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ನೆಲದಾಳ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಕಟ್ಟಡವನ್ನು ನೇರ ಅದರ ಮೇಲೆ ಕೂರಿಸಿದರೆ ಒಳಗಿನ ಬಿಸಿಗೆ ನೆಲ ಕರಗಿ ಕೆಸರಾಗುತ್ತದೆ, ಕಟ್ಟಡ ಕುಸಿಯುತ್ತದೆ. ಅದಕ್ಕೇ ದೊಡ್ಡ ಕಟ್ಟಡಗಳೂ ಕಾಂಕ್ರೀಟ್ ಕಂಬಗಳ ಮೇಲೆ ನಿಂತಿವೆ. ಅಡಿಯಲ್ಲಿ ಚಳಿಗಾಳಿ ಸುಳಿದಾಡಿ ನೆಲವನ್ನು ತಣ್ಣಗಿಡುತ್ತದೆ. ಅಲ್ಲಿ ಕಾಪಾಡಬೇಕಾದದ್ದು ಮನೆಯಿಂದ ನೆಲವನ್ನು!

ಹೂತ ಕಾಲಿಗೂ ಒಂದು ದೌರ್ಬಲ್ಯವಿದೆ. ಕೆಳಗೆ ಕಾರು ನಿಲ್ಲಿಸಲು ಬರೀ ಕಂಬ ಬಿಟ್ಟು, ಮೇಲೆ ನಾಲ್ಕೈದು ಮಹಡಿ ಗೋಡೆ ಕಟ್ಟಿದ ಅಪಾರ್ಟ್‌ಮೆಂಟ್ ನೆನೆಸಿಕೊಳ್ಳಿ. ಗೋಡೆಗಳಿರುವ ಮೇಲ್ಭಾಗ ಗಟ್ಟಿ ಡಬ್ಬಿಯ ಹಾಗೆ. ಭೂಮಿ ನಡುಗಿದಾಗ ಅದು ಬಾಗುವುದಿಲ್ಲ. ಬಾಗುವ ಕೆಲಸವೆಲ್ಲ ಕೆಳಗಿನ ಕಂಬಗಳ ತಲೆಗೆ ಬೀಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಇಂಥ ಹಲವು ಕಟ್ಟಡಗಳು ನೆಲಕಚ್ಚಿದವು. ಕಾಲ ಕೆಳಗಿನ ನೆಲವೇ ಸರಿದಾಗ ಮರಗಾಲಿನವನು ಇನ್ನೊಂದು ಹೆಜ್ಜೆ ಇಡುತ್ತಿದ್ದ. ಕಂಬಕ್ಕೆ ಆ ದಾರಿಯಿಲ್ಲ. ಇಂಥ ಮಹಡಿಯ ಕಂಬ, ತೊಲೆಗಳನ್ನು ಮಾಮೂಲಿ ಲೆಕ್ಕದ 2.5 ಪಟ್ಟು ಬಲಕ್ಕೆ ವಿನ್ಯಾಸ ಮಾಡಬೇಕು ಎಂದು 2002ರ ಭಾರತೀಯ ಮಾನಕ ಹೇಳಿತು. ಕೆಳಗೂ ಒಂದೆರಡು ಕಡೆ ಗಟ್ಟಿ ಕಾಂಕ್ರೀಟ್ ಗೋಡೆ ಎಬ್ಬಿಸುವುದು ಇನ್ನೊಂದು ಉಪಾಯ. ಕಾರಿಗೆ ಜಾಗ ಕಡಿಮೆಯಾಗುತ್ತದೆ, ಆಗಲಿ ಬಿಡಿ.

ಹೆಜ್ಜೆ ಇಡಬಲ್ಲ ಕಟ್ಟಡವೂ ಇದೆ. ಅಂಟಾರ್ಕ್ಟಿಕಾದಲ್ಲಿ ಬ್ರಿಟನ್ನಿನ ಸಂಶೋಧನಾ ಕೇಂದ್ರ ಹ್ಯಾಲಿ 6 ಎಂಟು ಕೋಣೆಗಳ ಒಂದು ಸಾಲು. ಒಂದೊಂದು ಕೋಣೆಯೂ ಹೈಡ್ರಾಲಿಕ್ ಕಾಲುಗಳ ಮೇಲೆ ನಿಂತಿದೆ. ಆ ಕಾಲುಗಳಿಗೆ ಪಾದದ ಬದಲು ಹಿಮದ ಮೇಲೆ ಜಾರುವ ದೊಡ್ಡ ಸ್ಕೀ ಹಲಗೆಗಳಿವೆ. ಹಿಂದಿನ ಕೆಲವು ಹ್ಯಾಲಿ ಕೇಂದ್ರಗಳನ್ನು ಹಿಮ ಹೂತುಹಾಕಿತ್ತು. ಈಗ ಹಿಮ ಏರಿದಂತೆ ಒಂದೊಂದೇ ಕಾಲನ್ನು ಎತ್ತಿ, ಅಡಿಗೆ ಹಿಮ ತುಂಬಿ, ಮತ್ತೆ ಊರುತ್ತಾರೆ. ಹತ್ತಿರದ ಮಂಜುಗಡ್ಡೆಯಲ್ಲಿ ಬಿರುಕು ಬೆಳೆಯತೊಡಗಿದಾಗ, 2016-17ರ ಬೇಸಿಗೆಯಲ್ಲಿ ಕೋಣೆಗಳನ್ನು ಬಿಡಿಸಿ, ಟ್ರ್ಯಾಕ್ಟರುಗಳಿಗೆ ಕಟ್ಟಿ, 23 ಕಿ.ಮೀ. ಆಚೆ ಎಳೆದು ನಿಲ್ಲಿಸಿದರು.