ಮನೆಯ ವೈಫೈಯೊಳಗೇ ಸ್ಮಾರ್ಟ್ ಪ್ಲಗ್: 171ರಿಂದ ಆರಂಭವಾಗುವ ಲೆಕ್ಕ

ಪೈಥಾನ್‌ನಲ್ಲಿ ಸಾಕೆಟ್ ತೆರೆಯುವುದನ್ನೂ ಜೇಸನ್ ಬರೆಯುವುದನ್ನೂ ಬಲ್ಲವರಿಗಾಗಿ ಈ ಟಿಪ್ಪಣಿ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಬ್ರಾಡ್‌ಬ್ಯಾಂಡ್ ತಂತಿ ಕಡಿಯುವುದು ಮೈಸೂರಿನ ಬಡಾವಣೆಗಳಲ್ಲಿ ಹೊಸದಲ್ಲ. ಆಗಲೂ ಮನೆಯ ರೂಟರ್ ನಡೆಯುತ್ತಿರುತ್ತದೆ, ಅದಕ್ಕೆ ಸೇರಿಕೊಂಡ ಸ್ಮಾರ್ಟ್ ಪ್ಲಗ್ (ವೈಫೈ ಮೂಲಕ ಆನ್-ಆಫ್ ಮಾಡಬಹುದಾದ ಪ್ಲಗ್) ಮತ್ತು ಲ್ಯಾಪ್‌ಟಾಪ್‌ಗಳು ಒಂದನ್ನೊಂದು ತಲುಪಬಲ್ಲವು. ಹೊರಗಿನ ಸರ್ವರ್‌ನ ಹಂಗಿಲ್ಲದೆ ಆ ಪ್ಲಗ್‌ಗೆ ಆಜ್ಞೆ ಕೊಡುವ ಕ್ರಮವನ್ನು ಟಿಪಿ-ಲಿಂಕ್‌ನ ಎಚ್‌ಎಸ್110 ಎಂಬ ಹಳೆಯ ಮಾದರಿಯ ಮೂಲಕ ಕಲಿಯುವುದು ಸುಲಭ, ಏಕೆಂದರೆ 2016ರಲ್ಲಿ ಜರ್ಮನಿಯ ಸಾಫ್ಟ್‌ಷೆಕ್ ಸಂಸ್ಥೆಯವರು ಅದರ ಸಂವಹನವನ್ನು ಬಿಡಿಸಿ ಪ್ರಕಟಿಸಿದ್ದಾರೆ.

ವಿಳಾಸ ಮತ್ತು ಪೋರ್ಟ್

ಪ್ಲಗ್ ಟಿಸಿಪಿಯ 9999ನೇ ಪೋರ್ಟ್‌ನಲ್ಲಿ ಕಿವಿಗೊಟ್ಟಿರುತ್ತದೆ. ಅದರ ಐಪಿ ವಿಳಾಸ ಬದಲಾಗದಂತೆ ರೂಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಕಾಯ್ದಿರಿಸಿಕೊಂಡರೆ ಸಾಕು.

ಕಳುಹಿಸಬೇಕಾದ ಆಜ್ಞೆ ಒಂದು ಸಣ್ಣ ಜೇಸನ್. "ಸಿಸ್ಟಮ್" ಎಂಬುದರೊಳಗೆ "ಸೆಟ್_ರಿಲೇ_ಸ್ಟೇಟ್", ಅದರೊಳಗೆ "ಸ್ಟೇಟ್", ಅದಕ್ಕೆ 1 (ಆನ್) ಅಥವಾ 0 (ಆಫ್) ಎಂಬ ಬೆಲೆ. ಇದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಖಾಲಿ ಜಾಗವಿಲ್ಲದೆ ಬರೆದಾಗ ಸರಿಯಾಗಿ 42 ಬೈಟ್‌ಗಳಾಗುತ್ತವೆ. ಆದರೆ ಅದನ್ನು ಇದ್ದಂತೆಯೇ ಕಳುಹಿಸಿದರೆ ಪ್ಲಗ್‌ಗೆ ಅರ್ಥವಾಗುವುದಿಲ್ಲ.

ಕೀಲಿ ಸಂಖ್ಯೆ ಎಲ್ಲಿಂದ ಬರುತ್ತದೆ

ಪ್ರತಿಯೊಂದು ಬೈಟನ್ನೂ ಒಂದು ಕೀಲಿ ಸಂಖ್ಯೆಯೊಂದಿಗೆ ಎಕ್ಸಾರ್ ಮಾಡಬೇಕು, ಅಂದರೆ ಎರಡು ಬಿಟ್‌ಗಳು ಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0. ಮೊದಲ ಕೀಲಿ 171 ಎಂಬುದನ್ನು ಎಲ್ಲ ವಿವರಣೆಗಳೂ ಹೇಳುತ್ತವೆ. ಎರಡನೆಯ ಕೀಲಿ ಯಾವುದು ಎಂಬಲ್ಲಿ ಕಲಿಯುವವರು ತಡವರಿಸುತ್ತಾರೆ, ಆದ್ದರಿಂದ ಇದನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡೋಣ.

ಜೇಸನ್‌ನ ಮೊದಲ ಚಿಹ್ನೆ { ಆಗಿದ್ದು, ಆಸ್ಕಿಯಲ್ಲಿ (ಅಕ್ಷರ, ಚಿಹ್ನೆಗಳಿಗೆ ಸಂಖ್ಯೆ ಕೊಡುವ ಪಟ್ಟಿಯಲ್ಲಿ) ಅದರ ಸಂಖ್ಯೆ 123. ದ್ವಿಮಾನದಲ್ಲಿ 171 ಎಂದರೆ 10101011, 123 ಎಂದರೆ 01111011. ಇವೆರಡರ ಎಕ್ಸಾರ್ 11010000, ಅಂದರೆ 208. ಇದೇ ಹೊರಹೋಗುವ ಮೊದಲ ಬೈಟ್, ಮತ್ತು ಇದೇ ಮುಂದಿನ ಕೀಲಿ. ಎರಡನೆಯ ಚಿಹ್ನೆ ಉದ್ಧರಣ ಚಿಹ್ನೆ, ಅದರ ಸಂಖ್ಯೆ 34. 208 ಮತ್ತು 34ರ ಎಕ್ಸಾರ್ 242. ಮೂರನೆಯದು "ಸಿಸ್ಟಮ್" ಪದದ ಮೊದಲಕ್ಷರವಾದ ಎಸ್, ಅದರ ಸಂಖ್ಯೆ 115. 242ರೊಂದಿಗೆ ಎಕ್ಸಾರ್ ಮಾಡಿದರೆ 129. ಅಂತ್ಯಾಕ್ಷರಿಯಲ್ಲಿ ಹಿಂದಿನವರು ಹಾಡಿ ಮುಗಿಸಿದ ಅಕ್ಷರವನ್ನೇ ಹಿಡಿದು ಮುಂದಿನವರು ಹಾಡುವಂತೆ, ಇಲ್ಲಿ ಹೊರಬಿದ್ದ ಬೈಟನ್ನೇ ಹಿಡಿದು ಮುಂದಿನ ಲೆಕ್ಕ ಆರಂಭವಾಗುತ್ತದೆ.

ಬಂದ ಉತ್ತರವನ್ನು ಬಿಡಿಸುವಾಗ ಗೊಂದಲ ಇನ್ನೂ ಹೆಚ್ಚು. ಆಗ ಮುಂದಿನ ಕೀಲಿ ಬಿಡಿಸಿ ಪಡೆದ ಅಕ್ಷರವೆಂದು ತೋರುವುದು ಸಹಜ, ಏಕೆಂದರೆ ಕಳುಹಿಸುವಾಗ "ಲೆಕ್ಕದ ಫಲಿತಾಂಶವೇ ಕೀಲಿ" ಎಂದು ಬಾಯಿಪಾಠ ಮಾಡಿರುತ್ತೇವೆ. ಆ ಸೂತ್ರವನ್ನೇ ಇಲ್ಲಿಯೂ ಹಾಕಿದರೆ ಮೊದಲ { ಸರಿಯಾಗಿ ಬರುತ್ತದೆ, ಆಮೇಲೆ 242 ಮತ್ತು 123ರ ಎಕ್ಸಾರ್ 137 ಆಗುತ್ತದೆ; ಆಸ್ಕಿ 127ಕ್ಕೇ ಮುಗಿಯುವುದರಿಂದ ಅಂಥ ಅಕ್ಷರವೇ ಇಲ್ಲ. ಕೀಲಿ ಯಾವಾಗಲೂ ತಂತಿಯ ಮೇಲೆ, ಅಥವಾ ಗಾಳಿಯಲ್ಲಿ, ಸಾಗುವ ಬೈಟೇ ಹೊರತು ನಾವು ಓದುವ ಅಕ್ಷರವಲ್ಲ. ಕಳುಹಿಸುವಾಗ ಅದು ಲೆಕ್ಕದ ಫಲಿತಾಂಶ, ಪಡೆಯುವಾಗ ಅದು ಲೆಕ್ಕಕ್ಕೆ ಒಳಗೆ ಹೋದ ಸಂಖ್ಯೆ.

ಜಾವಾದಲ್ಲಿ ಬರೆದ ಉದಾಹರಣೆಗಳಲ್ಲಿ 171ರ ಬದಲು -85 ಕಂಡರೆ ಬೆದರಬೇಕಾಗಿಲ್ಲ. ಅಲ್ಲಿ ಬೈಟ್‌ಗಳಿಗೆ ಋಣಚಿಹ್ನೆಯೂ ಇರುವುದರಿಂದ 171ರಲ್ಲಿ 256 ಕಳೆದು ಬರೆದಿರುತ್ತಾರೆ, ಬಿಟ್‌ಗಳು ಅವೇ.

ಮೊದಲಿಗೆ ಇಡುವ ನಾಲ್ಕು ಬೈಟ್‌ಗಳು

ಟಿಸಿಪಿಯಲ್ಲಿ ಕಳುಹಿಸುವಾಗ ಗೂಢಗೊಳಿಸಿದ ಭಾಗಕ್ಕಿಂತ ಮೊದಲು ಅದರ ಉದ್ದವನ್ನು ನಾಲ್ಕು ಬೈಟ್‌ಗಳಲ್ಲಿ ಇಡಬೇಕು, ದೊಡ್ಡ ಸ್ಥಾನದ ಬೈಟ್ ಮೊದಲಿಗೆ. ಮೇಲಿನ ಆಜ್ಞೆಗೆ ಅವು 0, 0, 0, 42. ಈ ನಾಲ್ಕಕ್ಕೆ ಎಕ್ಸಾರ್ ಇಲ್ಲ. ಕ್ರಮ ತಿರುಗಿಸಿ 42, 0, 0, 0 ಎಂದಿಟ್ಟರೆ 70 ಕೋಟಿಗೂ ಹೆಚ್ಚು ಬೈಟ್ ಬರಲಿದೆಯೆಂದು ಹೇಳಿದಂತಾಗುತ್ತದೆ. ಪ್ಲಗ್‌ಗಳನ್ನು ಹುಡುಕಲು ಯುಡಿಪಿಯಲ್ಲಿ 255.255.255.255ಕ್ಕೆ, ಅಂದರೆ ಜಾಲದ ಎಲ್ಲ ಸಾಧನಗಳಿಗೂ ಒಮ್ಮೆಗೇ, ಕೂಗುವಾಗ ಮಾತ್ರ ಈ ಉದ್ದದ ಭಾಗ ಬೇಡ.

ನನಗೆ ಅತ್ಯಂತ ಪ್ರಿಯವಾದ ಅಡ್ಡದಾರಿ ಇಲ್ಲಿದೆ. ಆಜ್ಞೆಯೂ ಉತ್ತರವೂ ತೆರೆಯುವ ಆವರಣ ಮತ್ತು ಉದ್ಧರಣ ಚಿಹ್ನೆಯಿಂದಲೇ ಆರಂಭವಾಗುವುದರಿಂದ, ಗೂಢಗೊಳಿಸಿದ ಭಾಗದ ಮೊದಲೆರಡು ಬೈಟ್‌ಗಳು 208, 242 ಆಗಿರಲೇಬೇಕು. ಪ್ರೋಗ್ರಾಂ ಕೆಲಸ ಮಾಡದಿದ್ದಾಗ ಇಡೀ ಪ್ಯಾಕೆಟ್ ಜಾಲಾಡುವ ಮೊದಲು ಐದನೆಯ ಮತ್ತು ಆರನೆಯ ಬೈಟ್‌ಗಳನ್ನು ಅಚ್ಚು ಹಾಕಿಸಿ ನೋಡಬೇಕು. ಐದನೆಯದರಲ್ಲಿ 208 ಇಲ್ಲದಿದ್ದರೆ ಉದ್ದದ ಭಾಗವನ್ನೋ ಮೊದಲ ಕೀಲಿಯನ್ನೋ ಪರೀಕ್ಷಿಸಬೇಕು. 208 ಇದ್ದು 242 ಇಲ್ಲದಿದ್ದರೆ ಕೀಲಿ ಬದಲಾಗುವ ಸಾಲನ್ನು ನೋಡಬೇಕು.

ಉಳಿದ ಕೆಲವು ಮಾತುಗಳು

ಇದನ್ನು ಗೂಢಲಿಪಿ ಎಂದು ಕರೆದರೂ ರಕ್ಷಣೆ ಏನೂ ಇಲ್ಲ. ಗುಪ್ತಪದ ಕೇಳದ ಕಾರಣ ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಪ್ಲಗ್ ಆಫ್ ಮಾಡಬಹುದು. ಹೊಸ ಫರ್ಮ್‌ವೇರ್‌ಗಳಲ್ಲಿ (ಪ್ಲಗ್‌ನೊಳಗಿನ ತಂತ್ರಾಂಶಗಳಲ್ಲಿ) ಕ್ಲ್ಯಾಪ್ ಎಂಬ ಬೇರೆ ವಿಧಾನವಿದ್ದು, ಅದು ಖಾತೆಯ ಗುರುತನ್ನು ಕೇಳುತ್ತದೆ. ಅಂಥವಕ್ಕೆ ಪೈಥಾನ್-ಕಾಸಾ ಲೈಬ್ರರಿಯನ್ನೇ ಬಳಸುವುದು ಜಾಣತನ.

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರನ್ನು ಇಂಥ ಪ್ಲಗ್‌ಗೆ ನೇರವಾಗಿ ಜೋಡಿಸುವ ಆಸೆ ನಮ್ಮೂರಿನಲ್ಲಿ ಎಲ್ಲರಿಗೂ ಬರುತ್ತದೆ. ಮೋಟರ್ ಆರಂಭವಾಗುವಾಗ ಎಳೆಯುವ ಕರೆಂಟ್, ಓಡುವಾಗ ಎಳೆಯುವುದರ ಹಲವು ಪಟ್ಟು ಇರುವುದರಿಂದ ಪ್ಲಗ್‌ನೊಳಗಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸಣ್ಣ ಸ್ವಿಚ್) ಅಂಟಿಕೊಳ್ಳಬಹುದು. ನಡುವೆ ಎಲೆಕ್ಟ್ರಿಷಿಯನ್‌ರಿಂದ ಕಾಂಟ್ಯಾಕ್ಟರ್ (ಹೆಚ್ಚಿನ ಕರೆಂಟ್ ತಾಳುವ ದೊಡ್ಡ ರಿಲೇ) ಹಾಕಿಸಿ, ಪ್ಲಗ್ ಕೇವಲ ಆ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ವಿದ್ಯುತ್ ಕೊಡುವಂತೆ ಮಾಡಿಸಬೇಕು.