ಮಾರ್ಕ್ಸ್ ಚೆನ್ನಾಗೇ ಇದ್ಯಲ್ಲ, ಇನ್ನೇನು ಅನ್ನೋರಿಗೆ

"70 ತಗೋತಾನಲ್ಲ ಮೇಡಂ, ಅವನಿಗ್ಯಾಕೆ ಸಪೋರ್ಟ್ ಪ್ಲಾನು?" ಈ ಮಾತನ್ನ ಟೀಚರ್‌ಗಳೂ ಹೇಳ್ತಾರೆ, ಅಪ್ಪ ಅಮ್ಮನೂ ಹೇಳ್ತಾರೆ, ಕೇಳಿ ಕೇಳಿ ನಂಗೆ ಸಾಕಾಗಿದೆ. ಸಪೋರ್ಟ್ ಪ್ಲಾನ್ ಅಂದ್ರೆ ಕಲಿಯೋಕೆ ತೊಂದರೆ ಇರೋ ಮಗುಗೆ ಸ್ಕೂಲು ಏನೇನು ಸಹಾಯ ಮಾಡುತ್ತೆ ಅಂತ ಬರೆದಿಡೋದು.

ಆ 70 ಹೇಗೆ ಬಂತು ಅಂತ ಯಾರೂ ಕೇಳಲ್ಲ. ಡಿಸ್‌ಗ್ರಾಫಿಯಾನೋ (ಬರೆಯೋಕೆ ಕಷ್ಟ) ಡಿಸ್ಲೆಕ್ಸಿಯಾನೋ (ಓದೋಕೆ ಕಷ್ಟ) ಎಡಿಎಚ್‌ಡಿನೋ (ಗಮನ ನಿಲ್ಲಿಸೋಕೆ ಕಷ್ಟ) ಇರೋ ಜಾಣ ಮಗು ತನ್ನ ಬುದ್ಧಿನೆಲ್ಲ ತೊಂದರೆ ಮುಚ್ಚೋಕೇ ಖರ್ಚು ಮಾಡುತ್ತೆ, ಆ ತೊಂದರೆ ಅದರ ಜಾಣತನ ಕಾಣದ ಹಾಗೆ ಮಾಡುತ್ತೆ, ಹೊರಗಿನೋರಿಗೆ ಕಾಣೋದು ಸ್ವಲ್ಪ ಸೋಮಾರಿಯಾದ ಒಬ್ಬ ಸಾಧಾರಣ ಹುಡುಗ ಅಷ್ಟೇ.

ನನ್ನ ಹತ್ರ ಒಬ್ಬ ಹುಡುಗ ಬಂದಿದ್ದ, ಒಂಬತ್ತು ವರ್ಷ. ವಿಸ್ಕ್ ಅನ್ನೋ ಮಕ್ಕಳ ಐಕ್ಯೂ ಟೆಸ್ಟಿನ ಐದನೇ ಆವೃತ್ತಿಲಿ ಐದು ಮುಖ್ಯ ಇಂಡೆಕ್ಸ್ ಇರುತ್ತೆ, ಅಂದ್ರೆ ಐದು ಬೇರೆಬೇರೆ ಸಾಮರ್ಥ್ಯದ ಅಂಕ, ಪ್ರತಿಯೊಂದಕ್ಕೂ ಸರಾಸರಿ 100. ಇವನಿಗೆ ಮಾತಿನ ತಿಳುವಳಿಕೆಲಿ 136, ಪ್ರೊಸೆಸಿಂಗ್ ಸ್ಪೀಡಲ್ಲಿ (ಕಂಡಿದ್ದನ್ನ ಬೇಗ ಗುರುತಿಸಿ ಕೆಲಸ ಮುಗಿಸೋ ವೇಗ) 82. ಅಂದ್ರೆ ಅವನ ವಯಸ್ಸಿನ ನೂರು ಮಕ್ಕಳನ್ನ ಸಾಲಾಗಿ ನಿಲ್ಸಿದ್ರೆ ಒಂದರಲ್ಲಿ ಹೆಚ್ಚುಕಮ್ಮಿ ಎಲ್ಲರಿಗಿಂತ ಮುಂದೆ, ಇನ್ನೊಂದರಲ್ಲಿ ಹಿಂದಿನಿಂದ ಹನ್ನೆರಡನೆಯವನು. ಎಲ್ಲ ಕಲಸಿದ ಒಟ್ಟು ಐಕ್ಯೂ 112. ಪ್ರಿನ್ಸಿಪಾಲ್ರು ಆ 112ರ ಕೆಳಗೆ ಎರಡು ಗೀಟು ಎಳೆದು "ಅಬೋವ್ ಆವರೇಜ್ ಇದ್ಯಲ್ಲ" ಅಂದ್ರು. ಒಂದು ಕಾಲಿಗೆ 6ನೇ ನಂಬರ್, ಇನ್ನೊಂದಕ್ಕೆ 10ನೇ ನಂಬರ್ ಬೇಕಾದೋನಿಗೆ ಎರಡಕ್ಕೂ 8 ಕೊಟ್ಟು ಕಳಿಸೋ ಲೆಕ್ಕ ಇದು. ಇಂಡೆಕ್ಸ್‌ಗಳ ನಡುವೆ ಇಷ್ಟು ಅಂತರ ಇದ್ದಾಗ ಒಟ್ಟು ಅಂಕ ಒಂದನ್ನೇ ಓದಬಾರದು, ಒಂದೊಂದನ್ನೂ ಬೇರೆಬೇರೆಯಾಗಿ ಓದಿ, ನಾನು ಪ್ರತಿ ಮೀಟಿಂಗಲ್ಲೂ ಇದನ್ನೇ ಬಡ್ಕೊಳ್ಳೋದು.

ಇದೇ ಹುಡುಗ ಸಮುದ್ರದಲ್ಲಿ ದಿನಕ್ಕೆ ಎರಡು ಸಲ ಯಾಕೆ ಉಬ್ಬರ ಬರುತ್ತೆ ಅಂತ ನನ್ನ ಮುಂದೆ ಕೂತು ಹತ್ತು ನಿಮಿಷ ಹೇಳಿದ. ಸರಿ, ಅದನ್ನೇ ಬರಿ ಅಂದ್ರೆ ಅರ್ಧ ಗಂಟೆಗೆ ಮೂರು ಸಾಲು. ಪೆನ್ಸಿಲ್ ಎಷ್ಟು ಒತ್ತಿದ್ದ ಅಂದ್ರೆ ಕೆಳಗಿನ ಹಾಳೆ ಮೇಲೂ ಅಕ್ಷರ ಅಚ್ಚಾಗಿತ್ತು.

ಸ್ಕೂಲು ಕೊಟ್ಟಿದ್ದೇನು? ಎಕ್ಸ್‌ಟ್ರಾ ಟೈಮ್. ನೋಯ್ತಿರೋ ಕೈಗೆ ಇನ್ನಷ್ಟು ಹೊತ್ತು ನೋವು. ಜೊತೆಗೆ ಹ್ಯಾಂಡ್‌ರೈಟಿಂಗ್ ಪ್ರಾಕ್ಟೀಸಿಗೆ ಅಂತ ಅಡ್ವಾನ್ಸ್ಡ್ ಮ್ಯಾಥ್ಸ್ ಪೀರಿಯಡ್ ಕಿತ್ಕೊಂಡ್ರು, ದಿನದಲ್ಲಿ ಅವನು ಉಸಿರಾಡ್ತಿದ್ದಿದ್ದೇ ಆ ಒಂದು ಪೀರಿಯಡ್ಡು. ಅವನಿಗೆ ಬೇಕಿದ್ದಿದ್ದು ಟೈಪ್ ಮಾಡೋಕೆ ಇಲ್ಲಾ ಬಾಯಲ್ಲಿ ಉತ್ತರ ಹೇಳೋಕೆ ಅವಕಾಶ, ಜೊತೆಗೆ ಅವನ ಮಟ್ಟದ ಪಾಠ. ಎರಡೂ ಒಂದೇ ಪ್ಲಾನಲ್ಲಿರಬೇಕು, ಯಾವ ಟೀಚರ್, ಯಾವ ಪೀರಿಯಡ್ ಅಂತಾನೂ ಬರೆದಿರಬೇಕು. "ಗಮನ ಕೊಡಲಾಗುವುದು" ಅಂತ ಬರೆದು ಸೈನ್ ಹಾಕಿದ್ರೆ ಅದು ಪ್ಲಾನಲ್ಲ.

ಹಾಗಂತ ಅಂಕಗಳಲ್ಲಿ ಏರುಪೇರು ಕಂಡ ತಕ್ಷಣ ಡಿಸೆಬಿಲಿಟಿ ಅನ್ನಬೇಡಿ ದಯವಿಟ್ಟು. ಸ್ವಲ್ಪ ಏರುಪೇರು ಎಷ್ಟೋ ಮಕ್ಕಳಲ್ಲಿರುತ್ತೆ. ಕಣ್ಣು, ಕಿವಿ, ನಿದ್ದೆ, ಭಯ ಎಲ್ಲ ನೋಡ್ಬೇಕು, ರಿಪೋರ್ಟ್ ಒಂದರ ಮೇಲೆ ನಾನೂ ತೀರ್ಮಾನ ಮಾಡಲ್ಲ.

ಆ ಹುಡುಗನಿಗೆ ಮೂರನೇ ಮೀಟಿಂಗಿನ ಮೇಲೆ ಉತ್ತರ ರೆಕಾರ್ಡ್ ಮಾಡೋಕೆ ಬಿಟ್ರು. ಎರಡು ವಾರಕ್ಕೆ ಸೈನ್ಸ್ ಟೀಚರ್ ಫೋನು: "ಐದು ಮಾರ್ಕಿನ ಪ್ರಶ್ನೆಗೆ ಹದಿನೆಂಟು ನಿಮಿಷ ಮಾತಾಡಿದಾನೆ, ಪೂರ್ತಿ ಕೇಳ್ಬೇಕಾ ಮೇಡಂ?"

ಕೇಳಿ ಅಂದೆ.